ಮಾಚವ್ವ ಕತ್ತರಿಸಿದ ಮೂಲೆ

ಒಬ್ಬ ರಾಜ ಯುದ್ಧಕ್ಕೆ ಹೋಗಿದ್ದ. ಕೋಟೆ ಕಾಯಲು ಉಳಿದ ದಳವಾಯಿಗೆ ಪ್ರಶ್ನೆ ಕೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. "ಈ ಯುದ್ಧ ಯಾಕೆ?" ಎಂದವರನ್ನೆಲ್ಲ ಹಿಡಿದು ಸೆರೆಗೆ ಹಾಕಿದ. ಮನೆಯವರು ಬಂದು ಅತ್ತರೆ, "ನಾವು ಯಾರನ್ನೂ ಹಿಡಿದಿಲ್ಲ, ಹೋಗಿ" ಎನ್ನುತ್ತಿದ್ದ.

ಆ ಊರಿನ ಬಟ್ಟೆ ಒಗೆಯುವವಳು ಮಾಚವ್ವ. ಬಟ್ಟೆಗಳು ಅದಲುಬದಲಾಗದಿರಲೆಂದು ಅವಳು ಕತ್ತಿನ ಪಟ್ಟಿಯ ಒಳಗೆ ಕೇರುಬೀಜದ ರಸದಿಂದ ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಿದ್ದಳು. ಬಟ್ಟೆ ಚಿಂದಿಯಾದರೂ ಆ ಗುರುತು ಹೋಗದು. ದಳವಾಯಿಗೆ ಇದು ಗೊತ್ತಿರಲಿಲ್ಲ. ತನ್ನ ಬಟ್ಟೆ ತಾನು ಒಗೆದಿದ್ದರೆ ತಾನೇ ಗೊತ್ತಾಗುವುದು!

ಒಂದು ದಿನ ಕೋಟೆಯ ಪಹರೆಯವರ ಬಟ್ಟೆಗಂಟು ಬಿಚ್ಚಿದಾಗ ಮಾಚವ್ವನ ಕೈ ನಿಂತಿತು. ಮೂರು ಚುಕ್ಕೆಯ ಗುರುತು, ಕಮ್ಮಾರನ ಅಂಗಿ. ಅದರ ಕೆಳಗೆ ನೇಕಾರನದು. ಸೆರೆಯವರ ಮೈಮೇಲಿಂದ ಬಿಚ್ಚಿ ಪಹರೆಯವರಿಗೆ ಹಂಚಿದ್ದರು. ರಕ್ತದ ಕಲೆಯೂ ಇತ್ತು. ಅವಳು ಅತ್ತಳು, ಅಳುತ್ತಲೇ ಒಗೆದಳು. ಆಮೇಲೆ ರಾಜ ಮರಳಿದಾಗ ತೋರಿಸಲೆಂದು ಒಂದು ಹಳೆಯ ಪಂಚೆಯ ಮೇಲೆ ಆ ಗುರುತುಗಳನ್ನು ಬರೆದು, ಅಮಾವಾಸ್ಯೆ ಕಳೆದು ಎಷ್ಟನೇ ದಿನ ಬಟ್ಟೆ ಬಂತೋ ಅಷ್ಟು ಗೆರೆ ಎಳೆದಳು. ಹೀಗೆ ಒಂಬತ್ತು ಗುರುತಾದವು.

ಗಂಡ ಕೆಂಚಪ್ಪ ಚಿನ್ನದಂಥ ಮನುಷ್ಯ, ಬಾಯಿ ಮಾತ್ರ ಸಡಿಲ. ಒಂದು ಬೆಳಿಗ್ಗೆ ಪಂಚೆಯ ಮೂಲೆಯಲ್ಲಿ ಮಾಚವ್ವನಿಗೆ ಹತ್ತನೇ ಗುರುತು ಕಂಡಿತು. ಗಾಣದ ಜ್ಯೋತಪ್ಪನದು.

"ಈ ಅಂಗಿ ಯಾವಾಗ ಬಂತು?"

"ಬಂದಿಲ್ಲ ಕಣೇ. ಅವನೂ ತಿಂಗಳಿಂದ ಕಾಣ್ತಿಲ್ಲ, ಹಿಡ್ಕೊಂಡ್ ಹೋಗಿರ್ತಾರೆ ಅಂತ ನಾನೇ ಬರ್ದೆ. ಹತ್ತು ಅಂದ್ರೆ ರಾಜರಿಗೆ ನಾಟ್ತದೆ."

"ನೀನು ಕಂಡ್ಯಾ?"

"ಇಲ್ಲ."

"ಅಯ್ಯೋ ನನ್ ದೇವ್ರೇ, ಕೊಡ ಹಾಲಿಗೆ ಹುಳಿ ಹಿಂಡಿಬಿಟ್ಯಲ್ಲ!"

ಕೇರಿನ ಗುರುತು ಒಗೆದರೆ ಹೋಗುವುದಿಲ್ಲವಲ್ಲ. ಮಾಚವ್ವ ಆ ಮೂಲೆಯನ್ನೇ ಕತ್ತರಿಸಿ ಒಲೆಗೆ ಹಾಕಿದಳು. ಆದರೆ ಅಷ್ಟರಲ್ಲೇ ಕೆಂಚಪ್ಪ ಹೆಂಡದಂಗಡಿಯಲ್ಲಿ, "ನನ್ ಹೆಂಡ್ತಿ ಹತ್ತು ಜನರ ಗುರುತಿಟ್ಟವ್ಳೆ, ಗಾಣದ ಜ್ಯೋತಪ್ಪಂದೂ ಐತೆ" ಎಂದು ಬೀಗಿ ಬಂದಿದ್ದ. ಮಾತು ದಳವಾಯಿಯ ಕಿವಿಗೂ ಬಿತ್ತು.

ಮರುದಿನವೇ ರಾಜ ಮರಳಿದ. ಸಭೆಯಲ್ಲಿ ಮಾಚವ್ವ ಪಂಚೆ ಹಾಸಿ ಗುರುತುಗಳನ್ನು ತೋರಿಸಿದಳು. ದಳವಾಯಿ ನಕ್ಕ. "ಪ್ರಭು, ನಾನು ಸೆರೆಗೆ ಹಾಕಿದೆ ಎಂದು ಇವಳು ಹೇಳುವ ಗಾಣಿಗ ಇಗೋ!" ಎಂದು ಜ್ಯೋತಪ್ಪನನ್ನು ಎದುರು ನಿಲ್ಲಿಸಿದ. ಅವನು ಮಗಳ ಊರಿಗೆ ಹೋಗಿದ್ದನಂತೆ.

"ಅವರ ಗುರುತು ಇದರಲ್ಲಿಲ್ಲ ಬುದ್ಧಿ" ಎಂದಳು ಮಾಚವ್ವ.

"ಈ ಮೂಲೆ ಏಕೆ ಕತ್ತರಿಸಿದೆ?" ಎಂದು ರಾಜ ಕೇಳಿದ.

"ಇಲಿ ಕಡೀತು ಅನ್ನು" ಎಂದು ಕೆಂಚಪ್ಪ ಹಿಂದಿನಿಂದ ಪಿಸುಗುಟ್ಟಿದ.

ಮಾಚವ್ವ ಕಣ್ಣೊರೆಸಿಕೊಂಡಳು. "ಅಲ್ಲೊಂದು ಸುಳ್ಳಿತ್ತು ಬುದ್ಧಿ. ನಮ್ಮ ಮನೆಯವರೇ ಸಂಕಟ ತಡೀಲಾರದೆ ಬರೆದಿದ್ರು. ನನ್ನ ಕೈಗೆ ಬಂದಿದ್ದು ಒಂಬತ್ತೇ. ನಿಮ್ಮ ಹಿಂದೆ ನಿಂತಿರೋ ಪಹರೆಯವನ ಕತ್ತಿನ ಪಟ್ಟಿ ಮಗುಚಿ ನೋಡಿ."

ರಾಜ ತಾನೇ ಎದ್ದು ಮಗುಚಿದ. ಮೂರು ಚುಕ್ಕೆ, ಪಂಚೆಯಲ್ಲಿದ್ದಂತೆಯೇ.

ಸೆರೆಮನೆಯ ಬಾಗಿಲು ತೆರೆಯಿತು. ದಳವಾಯಿ ಒಳಗೆ ಹೋದ, ಏಳು ಮಂದಿ ಹೊರಗೆ ಬಂದರು. ಇಬ್ಬರು ಬರಲಿಲ್ಲ. ಅವರ ಅಂಗಿಗಳನ್ನು ಮಾಚವ್ವ ಕೊನೆಯ ಸಲ ಒಗೆದು, ಮಡಿಸಿ, ಅವರವರ ಮನೆಗೆ ಮುಟ್ಟಿಸಲು ಹೊರಟಳು. ಕೆಂಚಪ್ಪ ಹೆಂಡದಂಗಡಿಯತ್ತ ತಿರುಗಿಯೂ ನೋಡದೆ ಗಂಟು ಹೊತ್ತು ಅವಳ ಹಿಂದೆ ನಡೆದ.

ನೀತಿ: ಅನ್ಯಾಯ ಕಂಡವರು ಅದನ್ನು ಅಳಿಯದಂತೆ ಗುರುತಿಡಬೇಕು, ಕಂಡಷ್ಟನ್ನೇ ಇಡಬೇಕು. ನೊಂದವರ ಮೇಲಿನ ಪ್ರೀತಿಯಿಂದಲೇ ಸೇರಿಸಿದರೂ ಸರಿ, ಒಂದು ಸುಳ್ಳು ಒಂಬತ್ತು ಸತ್ಯಗಳನ್ನು ಮುಳುಗಿಸುತ್ತದೆ.