ಗೈಡಿನ ತಾಯಿ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಏಳನೆಯ ತರಗತಿಗೆ ಇಂಗ್ಲಿಷ್ ಪರೀಕ್ಷೆ ಹತ್ತಿರ ಬಂತು. ಮಕ್ಕಳನ್ನು ಹೇಗೆ ಸಿದ್ಧಮಾಡಲಿ?"

"ಈಗ ಹೇಗೆ ಮಾಡುತ್ತಿದ್ದೀಯೆ?"

"ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ."

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಬೆಂಕಿಯ ಮುಂದೆ ಕುಳಿತು, ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ. ಅವಳಿಗೆ ಒಬ್ಬಳು ಮಗಳು. ಮಗಳು ಏಳನೆಯ ತರಗತಿ. ಪಾಸಾದರೆ ತಾಲೂಕಿನ ಹಾಸ್ಟೆಲಿನಲ್ಲಿ ಸೀಟು. ಇಲ್ಲದಿದ್ದರೆ ತಾಯಿಯ ಪಕ್ಕದಲ್ಲಿ ಭಟ್ಟಿ. ಉಳಿದ ವಿಷಯಗಳಿಗೆ ಹೆದರಿಕೆಯಿರಲಿಲ್ಲ. ಇಂಗ್ಲಿಷ್ ಒಂದೇ.

ಪ್ರತಿವರ್ಷ 'ನನ್ನ ತಾಯಿ' ಎಂಬ ಪ್ರಬಂಧ ಬರುತ್ತಿತ್ತು. ಗೈಡಿನಲ್ಲಿ ಒಬ್ಬಳು ತಾಯಿ ಇದ್ದಳು. ಹೆಸರು ವಿಮಲಾ. ನಸುಕಿನಲ್ಲಿ ಏಳುವವಳು, ಗುಲಾಬಿ ಗಿಡಗಳಿಗೆ ನೀರೆರೆಯುವವಳು, ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವವಳು, ದಯಾಮಯಿ. ತರಗತಿಯ ಮಕ್ಕಳೆಲ್ಲ ಆ ತಾಯಿಯನ್ನೇ ಬಾಯಿಪಾಠ ಮಾಡಿದರು. ಹೆಸರನ್ನಾದರೂ ಬದಲಿಸಿ ಎಂದು ಮೇಷ್ಟ್ರು ಹೇಳಿದ್ದರು. ಬಹಳ ಮಂದಿ ಬದಲಿಸಲಿಲ್ಲ. ಬದಲಿಸಿದರೆ ಮುಂದಿನ ವಾಕ್ಯ ಮರೆತುಹೋಗುತ್ತಿತ್ತು.

ಹುಡುಗಿ ಸಂಜೆ ಮನೆಯಲ್ಲಿ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ತಾಯಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಒಂದು ದಿನ ಅರ್ಥ ಕೇಳಿದಳು. ಮಗಳು ಹೇಳಿದಳು.

ತಾಯಿ ನಕ್ಕಳು. "ಒಳ್ಳೆ ಹೆಂಗ್ಸು ಕಣೇ ಆಕಿ. ಕುರ್ಚಿ ಬೇರೆ ಐತಿ. ಆಕಿನ್ನೇ ಬರಿ. ನನ್ನ ಬರದ್ರೆ ನಿಂಗೆ ಯಾರು ಪಾಸ್ ಮಾಡ್ತಾರೆ?"

ಪರೀಕ್ಷೆ ಬಂತು. ಆ ವರ್ಷ ಪ್ರಶ್ನೆ ತೆಗೆದವನು ಒಂದು ಪದ ಸೇರಿಸಿದ್ದ. 'ನಿಮ್ಮ ತಾಯಿಯ ಕೈಗಳ ಬಗ್ಗೆ ಬರೆಯಿರಿ.'

ಮಕ್ಕಳು ತಾಯಿ ಎಂಬುದನ್ನು ಓದಿದರು. ಅಷ್ಟು ಸಾಕಾಯಿತು. ವಿಮಲಾ ಎದ್ದಳು, ಗಿಡಗಳಿಗೆ ನೀರೆರೆದಳು.

ಹುಡುಗಿಯೂ ಮೊದಲ ವಾಕ್ಯ ಬರೆದಳು. ಆಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಕಲಿತ ಪಾಠವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹುಡುಕಿದಳು. ಗೈಡಿನ ತಾಯಿಗೆ ಕೈಗಳೇ ಇರಲಿಲ್ಲ.

ಹಾಸ್ಟೆಲ್ ಹೋಯಿತು ಎಂದು ಹುಡುಗಿ ಅಂದುಕೊಂಡಳು. ಪಕ್ಕದವರು ಪುಟ ತಿರುವುತ್ತಿದ್ದರು. ಬರೆದದ್ದನ್ನು ಹೊಡೆದುಹಾಕಿ, ತನಗೆ ಬರುವ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಕರೆದಳು. ಒಂದು ಪದ ಕಪ್ಪೆಯ ಪಾಠದಿಂದ ಬಂತು. ಒಂದು ಹಾಲಿನ ಪಾಠದಿಂದ. ಭಟ್ಟಿಗೆ ಪದ ಸಿಗಲಿಲ್ಲ. ಭಟ್ಟಿ ಎಂದೇ ಬರೆದಳು.

ಉತ್ತರಪತ್ರಿಕೆಗಳು ಮೌಲ್ಯಮಾಪನದ ಕೋಣೆಯಲ್ಲಿ ಒಬ್ಬ ಮೇಷ್ಟ್ರ ಕೈಗೆ ಹೋದವು. ಅರ್ಧ ಅಂಕ ಕೊಡಲೂ ಲೆಕ್ಕ ಹಾಕುವ ಮನುಷ್ಯ. ಅವರು ಬೆಳಗಿನಿಂದ ಒಬ್ಬಳೇ ತಾಯಿಯನ್ನು ಓದುತ್ತಿದ್ದರು. ಜಿಲ್ಲೆಯ ಮಕ್ಕಳನ್ನೆಲ್ಲ ಅವಳೊಬ್ಬಳೇ ಹೆತ್ತಂತಿತ್ತು. ಕೊನೆಕೊನೆಗೆ ಓದದೆಯೇ ಗೆರೆ ಎಳೆಯುತ್ತಿದ್ದರು. ಆಗ ಈ ಪತ್ರಿಕೆ ಬಂತು.

'ನನ್ನ ಅಮ್ಮನ ಕೈ ಭಟ್ಟಿಯಲ್ಲಿ ಇದೆ. ಮರಳು ಬಿಸಿ. ಬಿಸಿಗೆ ಅಕ್ಕಿ ಜಿಗಿಯುತ್ತದೆ. ಅಮ್ಮನ ಕೈ ಜಿಗಿಯುವುದಿಲ್ಲ.'

ಅವಳ ಇಂಗ್ಲಿಷಿನ ಸಾಲು ಸಾಲಿನಲ್ಲೂ ತಪ್ಪಿತ್ತು. ಮೇಷ್ಟ್ರು ಕೆಂಪು ಪೆನ್ನು ಎತ್ತಿದರು. ಇಳಿಸಲಾಗಲಿಲ್ಲ. ಎದ್ದು ನಿಂತರು.

ಪಕ್ಕದ ಮೇಷ್ಟ್ರು ಕೇಳಿದರು: "ಏನ್ ಸಾರ್, ಬೆಂಚಿನ ಕೆಳಗೆ ಹಾವು ಬಂತೋ?"

ಅವರು ಪತ್ರಿಕೆಯನ್ನು ಮುಂದೆ ಚಾಚಿದರು. ನಗುತ್ತ ತೆಗೆದುಕೊಂಡವರು ನಗು ನಿಲ್ಲಿಸಿದರು. ಇನ್ನೊಬ್ಬರಿಗೆ ಕೊಟ್ಟರು. ಪತ್ರಿಕೆ ಕೋಣೆಯನ್ನು ಸುತ್ತಿತು. ಹೋದಲ್ಲೆಲ್ಲ ಮಾತು ನಿಂತಿತು. ದೊಡ್ಡ ದೊಡ್ಡ ಇಂಗ್ಲಿಷ್ ಬಲ್ಲವರು ಅಲ್ಲಿದ್ದರು. ಒಬ್ಬರೂ ಕಾಗುಣಿತದ ಮಾತೆತ್ತಲಿಲ್ಲ. ದೇವಸ್ಥಾನದಲ್ಲಿ ನಿಂತಂತೆ ನಿಂತಿದ್ದರು.

ಹುಡುಗಿ ಪಾಸಾದಳು. ಹಾಸ್ಟೆಲಿಗೆ ಹೋದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು. ಅವನು ಜೇಬಿನಿಂದ ಪೆನ್ನು ತೆಗೆದ.

"ಗುರುಗಳೇ, ಆ ವಾಕ್ಯಗಳನ್ನು ಇನ್ನೊಮ್ಮೆ ಹೇಳಿ. ನಾಳೆಯೇ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತೇನೆ. ಪರೀಕ್ಷೆಗೆ ಬಂದರೂ ಬಂತು."

ಗುರು ಅವನ ಕಡೆ ತಿರುಗಿದರು.

"ನಿನ್ನ ತಾಯಿಯ ಕೈ ಹೇಗಿದೆ?"