ಆಯುಧಪೂಜೆಗೆ ಇಟ್ಟ ಹಕ್ಕಿ ಪುಸ್ತಕ

“ಮೇಷ್ಟ್ರೆ, ಇದೇನು ಮಾಡಿದ್ದೀರಿ? ಪುಸ್ತಕ ಇಡೋದು ಸರಸ್ವತಿ ಪೂಜೆಗೆ ಅಲ್ಲವಾ? ಆಯುಧಪೂಜೆಗೆ ಯಾಕಿಟ್ಟಿದ್ದೀರಿ?”

ಹೀಗೆ ಕೇಳಿದವನು ಧರಣೇಂದ್ರ. ವಿದ್ಯುತ್ ಕಚೇರಿಯ ಗುಮಾಸ್ತ. ಹಕ್ಕಿ ನೋಡುವ ಹುಚ್ಚು ಹತ್ತಿ ಒಂದೆರಡು ವರ್ಷವಾಗಿತ್ತು. ಕೇಳಿಸಿಕೊಂಡವರು ನಂಜುಂಡಾರಾಧ್ಯರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು; ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಕತ್ತು ಮೇಲೆ ಮಾಡಿಕೊಂಡು ನಿಲ್ಲುವ ಜನಕ್ಕೆಲ್ಲ ಗುರು.

ಮೇಷ್ಟ್ರ ಮನೆಯ ನಡುಮನೆಯಲ್ಲಿ ಒಂದು ಮಣೆ. ಮಣೆಯ ಮೇಲೆ ಕುಡುಗೋಲು, ಈಳಿಗೆಮಣೆ, ಕತ್ತರಿ, ಬೈನಾಕ್ಯುಲರ್. ಪಕ್ಕದಲ್ಲಿ ಗೋಡೆಗೊರಗಿಸಿದ ಸೈಕಲ್ಲು. ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಕುಡುಗೋಲಿಗೂ ಈಳಿಗೆಮಣೆಗೂ ನಡುವೆ ಆ ಪುಸ್ತಕ. ರಟ್ಟಿನ ಮೇಲೆ ಕುಂಕುಮದ ದೊಡ್ಡ ಬೊಟ್ಟು.

ಆ ಪುಸ್ತಕದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಕ್ಕಿ ನೋಡುವವರಿಗೆ ಚಿತ್ರ ನೋಡಿ ಹಕ್ಕಿಯ ಗುರುತು ಹಿಡಿಯುವ ಒಂದು ಒಳ್ಳೆಯ ಪುಸ್ತಕ ಅಂದರೆ ಏನು ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ. ಮೇಷ್ಟ್ರು ಒಮ್ಮೆ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಕೆರೆಗೆ ಬಂದಿದ್ದರು. ಹಾಗೇ ಮಧ್ಯಾಹ್ನದವರೆಗೆ ಓಡಾಡಿದರು. ಆದರೆ ಪುಸ್ತಕ ಮರೆತ ದಿನ ಅರ್ಧ ದಾರಿಯಿಂದ ಮನೆಗೆ ಹಿಂದಿರುಗಿದ್ದರು. ಯಾರಾದರೂ ಸೈಕಲ್ ಕೇಳಿದರೆ ಕೊಟ್ಟಾರು, ಪುಸ್ತಕ ಕೊಡರು. ಪುಸ್ತಕದ ಬೆನ್ನು ಹರಿದದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ್ದಾರೆ. ಬಾತುಗಳ ಪುಟ ಒಮ್ಮೆ ಕೆರೆಗೆ ಬಿದ್ದು ಉಬ್ಬಿದೆ. ಪುಸ್ತಕವನ್ನು ಸುಮ್ಮನೆ ಅಂಗೈ ಮೇಲಿಟ್ಟರೆ ತಾನಾಗಿ ಉಲಿಯಕ್ಕಿಗಳ ಪುಟಕ್ಕೆ ತೆರೆದುಕೊಳ್ಳುತ್ತದೆ. ಒಂದರಂತೆ ಒಂದು ಇರುವ ಸಣ್ಣ ಕಂದು ಹಕ್ಕಿಗಳು ಅವು. ಎಲ್ಲರ ತಲೆನೋವೂ ಅಲ್ಲೇ ತಾನೆ?

ಅಂಥ ಪುಸ್ತಕ ಈಳಿಗೆಮಣೆಯ ಪಕ್ಕ ಕೂತಿತ್ತು. ಧರಣೇಂದ್ರನಿಗೆ ನೋಡಲಾಗಲಿಲ್ಲ. ಆಮೇಲೆ ಏನೋ ಹೊಳೆದು ತೊಡೆ ತಟ್ಟಿದ.

“ಗೊತ್ತಾಯಿತು ಬಿಡಿ! ಸರಸ್ವತಿ ಮುಂದೆ ಇಟ್ಟರೆ ವಿಜಯದಶಮಿವರೆಗೆ ತೆರೆಯೋ ಹಾಗಿಲ್ಲ. ಚಳಿಗಾಲದ ಹಕ್ಕಿಗಳು ಬಂದಿಳಿಯೋದು ಇದೇ ವಾರ. ದೇವಿಗೇ ಚಳ್ಳೆಹಣ್ಣು ತಿನ್ನಿಸಿದಿರಲ್ಲ ಮೇಷ್ಟ್ರೆ!”

ಮೇಷ್ಟ್ರು ನಕ್ಕರು. “ಅಷ್ಟೇ ಆಗಿದ್ದರೆ ಚೆನ್ನಾಗಿತ್ತು ಕಣಪ್ಪ. ಕೂತುಕೋ. ಕಡ್ಲೆಪುರಿ ತಗೋ. ಒಂದು ಕತೆ ಹೇಳುತ್ತೇನೆ.”

ಮೇಷ್ಟ್ರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಮಾಂಸ ಮುಟ್ಟಿದವನಲ್ಲ. ಇರುವೆ ಸಾಲು ಕಂಡರೆ ನಿಂತು, ಕಾಲು ಎತ್ತಿ ದಾಟುವವನು. ಅವನಿಗೆ ಹಕ್ಕಿ ಎಂದರೆ ಪ್ರಾಣ. ಊರ ಮುಂದೆ ದೊಡ್ಡ ಕೆರೆ. ಕೆರೆಗೆ ಬರುವ ಒಂದೊಂದು ಹಕ್ಕಿಯ ಹೆಸರೂ ಅವನಿಗೆ ತಿಳಿಯಬೇಕು. ‘ಹೆಸರು ಗೊತ್ತಿಲ್ಲದೆ ಪ್ರೀತಿ ಮಾಡುವುದು ಹೇಗೆ?’ ಎನ್ನುತ್ತಿದ್ದ.

ಆ ಕಾಲದಲ್ಲೂ ಹಕ್ಕಿಯ ಪುಸ್ತಕಗಳಿದ್ದವು. ಗಾಡಿಯಲ್ಲಿ ಹೇರಿ ತರಬೇಕಾದಂಥ ದಪ್ಪ ಪುಸ್ತಕಗಳು. ಚಿತ್ರವಿಲ್ಲ. ರೆಕ್ಕೆಯ ಎರಡನೆಯ ಗರಿ ಏಳನೆಯದಕ್ಕಿಂತ ಗಿಡ್ಡವೋ ಉದ್ದವೋ, ಹಿಂಬೆರಳಿನ ಉಗುರು ಎಷ್ಟುದ್ದ, ಬಾಯಿಯ ಒಳಗಿನ ಬಣ್ಣ ಯಾವುದು ಎಂದು ಅವು ಕೇಳುತ್ತಿದ್ದವು. ಕೊಂಬೆಯ ಮೇಲೆ ಕೂತ ಹಕ್ಕಿ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಆದ್ದರಿಂದ ವರ್ತಕ ಒಬ್ಬ ಬೇಟೆಗಾರನನ್ನು ಇಟ್ಟುಕೊಂಡ.

ಬೇಟೆಗಾರ ಹೊಡೆದು ತರುವನು. ವರ್ತಕ ಅಳೆದು ನೋಡಿ ಹೆಸರು ಹುಡುಕುವನು. ಹೆಸರು ಸಿಕ್ಕ ಹಕ್ಕಿಯ ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಹೆಸರಿನ ಚೀಟಿ ಕಟ್ಟಿ, ಮರದ ಪೆಟ್ಟಿಗೆಯಲ್ಲಿ ಮಲಗಿಸುವನು. ಒಂದು ಕೋಣೆಯ ತುಂಬ ಅಂಥ ಪೆಟ್ಟಿಗೆಗಳಾದವು.

“ಅಲ್ಲ ಮೇಷ್ಟ್ರೆ,” ಎಂದ ಧರಣೇಂದ್ರ, “ಇರುವೆ ದಾಟಿಕೊಂಡು ಹೋಗುವವನು ಇವನೇನಾ?”

“ಇರುವೆಯ ಹೆಸರು ಅವನಿಗೆ ಗೊತ್ತಿತ್ತಲ್ಲಪ್ಪ.”

ಧರಣೇಂದ್ರನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮೇಷ್ಟ್ರು ಮುಂದುವರಿಸಿದರು.

ವರ್ತಕನ ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಅವಳ ಮಂಚ ಕಿಟಕಿಗೆ ಎದುರಾಗಿತ್ತು. ಕಿಟಕಿಯ ಹೊರಗೆ ಒಂದು ದಾಸವಾಳದ ಪೊದೆ. ನವರಾತ್ರಿಯ ಹೊತ್ತಿಗೆ ಆ ಪೊದೆಗೆ ಒಂದು ಸಣ್ಣ ಕಂದು ಹಕ್ಕಿ ಬರುತ್ತಿತ್ತು. ಯುಗಾದಿ ಕಳೆದ ಮೇಲೆ ಹೋಗುತ್ತಿತ್ತು. ಮರುವರ್ಷ ಮತ್ತೆ ಅದೇ ಪೊದೆ. ನೋಡಲು ಚೆಂದವಿಲ್ಲ. ಹಾಡೂ ಇಲ್ಲ. ಯಾರೋ ಲೊಚಗುಟ್ಟಿದ ಹಾಗೆ ಎಲೆಗಳ ಒಳಗಿನಿಂದ ‘ಚಕ್, ಚಕ್’ ಎನ್ನುತ್ತಿತ್ತು, ಅಷ್ಟೇ.

ವೈದ್ಯರು ಅವಳ ಆಸೆ ಬಿಟ್ಟಿದ್ದರು. ಪ್ರತಿವರ್ಷ ‘ಚಕ್’ ಎನ್ನುವ ಸದ್ದು ಮೊದಲು ಕೇಳಿದ ದಿನ ಅವಳು ಗಂಡನನ್ನು ಕೂಗಿ ಕರೆಯುವಳು. ‘ಬಂತು ನೋಡಿ. ಅಂದರೆ ಈ ವರ್ಷಕ್ಕೆ ನಾನೂ ಇದ್ದೀನಿ’ ಎನ್ನುವಳು. ಅಷ್ಟು ದೂರದಿಂದ ಹಾರಿ ಬರುವ ಜೀವವೇ ಬಂತು, ಮಲಗಿರುವ ನಾನು ಇರಲಾರೆನೆ ಎನ್ನುವುದು ಅವಳ ಲೆಕ್ಕಾಚಾರ. ಆ ಹಕ್ಕಿ ಬರುವುದೊಂದೇ ಅವಳು ಕಾದು ನೋಡುವ ಹಬ್ಬ.

ಒಂದು ವರ್ಷ ಹಕ್ಕಿ ಬಂತು. ಅವಳು ಗಂಡನನ್ನು ಕೇಳಿದಳು. ‘ಕೆರೆಯ ಹಕ್ಕಿಗಳಿಗೆಲ್ಲ ಹೆಸರು ಹೇಳ್ತೀರಿ. ನನ್ನ ಹಕ್ಕಿಗೆ ಹೆಸರಿಲ್ಲವಾ?’

ವರ್ತಕನಿಗೆ ಹಿಗ್ಗೋ ಹಿಗ್ಗು. ಮದುವೆಯಾದಾಗಿನಿಂದ ಅವಳು ಅವನ ಹಕ್ಕಿಗಳ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಈಗ ತಾನಾಗಿ ಕೇಳಿದ್ದಾಳೆ! ಅವನು ಕಿಟಕಿಯಿಂದ ಇಣುಕಿ ನೋಡಿದ. ಸಣ್ಣದು, ಕಂದು. ಅಂಥವು ಹತ್ತಾರು ಜಾತಿ. ಪುಸ್ತಕ ತೆರೆದ. ರೆಕ್ಕೆಯ ಗರಿ ಅಳೆಯದೆ ಹೇಳಲಾಗದು ಎಂದಿತು ಪುಸ್ತಕ.

ಮರುದಿನ ಬೆಳಿಗ್ಗೆ ಅವಳು ಕಣ್ಣುಬಿಟ್ಟು ಕಿಟಕಿಯತ್ತ ತಿರುಗುವ ಮೊದಲೇ ಅಂಗಳದಲ್ಲಿ ಗುಂಡಿನ ಸದ್ದಾಯಿತು.

“ಅಯ್ಯೋ!” ಎಂದ ಧರಣೇಂದ್ರ. ಬಾಯಿಗೆ ಹೊರಟಿದ್ದ ಕಡ್ಲೆಪುರಿ ಅಂಗೈಯಲ್ಲೇ ನಿಂತಿತು. “ಅವಳ ಹಕ್ಕೀನೇ?”

ಅವಳ ಹಕ್ಕಿಯನ್ನೇ. ಮಧ್ಯಾಹ್ನದವರೆಗೆ ವರ್ತಕ ಅಳೆದ. ಊಟಕ್ಕೂ ಏಳಲಿಲ್ಲ. ಕೊನೆಗೆ ಹೆಸರು ಸಿಕ್ಕಿತು. ಬೆಳ್ಳಿಯ ತಟ್ಟೆಗೆ ಹತ್ತಿ ಹಾಸಿದ. ಗರಿಗಳನ್ನು ಬೆರಳಿನಿಂದ ಸವರಿ ಸರಿಮಾಡಿ ಹಕ್ಕಿಯನ್ನು ಮಲಗಿಸಿದ. ಮುದ್ದಾದ ಅಕ್ಷರದಲ್ಲಿ ಹೆಸರು ಬರೆದು ಕಾಲಿಗೆ ಕಟ್ಟಿದ. ‘ಸಿಕ್ಕಿತು ಕಣೇ, ಸಿಕ್ಕಿತು!’ ಎನ್ನುತ್ತ ಮಂಚದ ಹತ್ತಿರ ಓಡಿಬಂದ. ಅವನ ಮುಖ ಹಬ್ಬದ ಮನೆಯ ಹಾಗಿತ್ತು. ಅದನ್ನು ಮರೆಯಬೇಡ, ಧರಣೇಂದ್ರ. ಅವನು ಕ್ರೂರಿಯಲ್ಲ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಅವಳು ತಟ್ಟೆಯನ್ನು ನೋಡಿದಳು. ಗಂಡನ ಮುಖ ನೋಡಿದಳು.

‘ಕರೆಯೋಣ ಅಂತ ಹೆಸರು ಕೇಳಿದೆ,’ ಎಂದಳು. ‘ಈಗ ಯಾರನ್ನ ಕರೀಲಿ?’

ಕಿಟಕಿ ಮುಚ್ಚಿಸಿದಳು. ಮತ್ತೆ ತೆರೆಯಗೊಡಲಿಲ್ಲ. ಮುಂದಿನ ನವರಾತ್ರಿಯವರೆಗೆ ಅವಳು ಉಳಿಯಲಿಲ್ಲ.

ಅವಳು ಹೋದ ಮೇಲೆ ವರ್ತಕ ಅವಳ ಮಂಚದ ಮೇಲೆ ಮಲಗಲು ಶುರುಮಾಡಿದ. ಕಿಟಕಿ ತೆರೆಸಿದ. ನವರಾತ್ರಿ ಬಂತು. ಒಂದು ಬೆಳಿಗ್ಗೆ ಪೊದೆಯ ಒಳಗಿನಿಂದ ‘ಚಕ್’ ಎನ್ನುವ ಸದ್ದು ಬಂತು. ಸಣ್ಣದು, ಕಂದು. ಅದೇ ಜಾತಿಯೋ ಬೇರೆಯೋ ಅವನಿಗೆ ತಿಳಿಯಲಿಲ್ಲ. ಬೇಟೆಗಾರನಿಗೂ ಸದ್ದು ಕೇಳಿಸಿತ್ತು. ಅವನು ಬಂದೂಕು ಹಿಡಿದು ಬಾಗಿಲಲ್ಲಿ ನಿಂತು, ‘ಧಣಿ, ಹೊಡೀಲಾ?’ ಎಂದ.

ವರ್ತಕ ಮಂಚದ ಮೇಲೆ ಎದ್ದು ಕೂತ. ತಾನು ಏನು ಮಾಡಿದ್ದೇನೆ ಎನ್ನುವುದು ಆ ಒಂದು ಮಾತಿನಲ್ಲಿ ಅವನಿಗೆ ಕೇಳಿಸಿತು. ‘ಬೇಡ’ ಎಂದ. ‘ಹೋಗಿ ಒಬ್ಬ ಚಿತ್ರಗಾರನನ್ನು ಕರೆದುಕೊಂಡು ಬಾ.’

ಚಿತ್ರಗಾರ ಬಂದ. ವರ್ತಕ ಅವನನ್ನು ಆ ಮಂಚದ ಮೇಲೆ ಮಲಗಿಸಿದ. ಚಿತ್ರಗಾರ ಗಾಬರಿಯಾಗಿ, ‘ಸ್ವಾಮಿ, ನನಗೆ ಯಾವ ಕಾಯಿಲೆಯೂ ಇಲ್ಲ’ ಎಂದ.

‘ಮಲಗಿಕೊಂಡು ಕಿಟಕಿಯ ಹೊರಗೆ ನೋಡು. ಇಲ್ಲಿಂದ ಏನು ಕಾಣುತ್ತದೋ ಅಷ್ಟನ್ನೇ ಬರೆ. ಹಕ್ಕಿ ಕೈಯಲ್ಲಿದ್ದರೆ ಮಾತ್ರ ಕಾಣುವಂಥದ್ದು ನನಗೆ ಒಂದೂ ಬೇಡ.’

ಚಿತ್ರಗಾರ ಬಹಳ ಹೊತ್ತು ನೋಡಿದ. ಕಣ್ಣಿನ ಮೇಲೆ ಹುಬ್ಬಿನ ಹಾಗೆ ಒಂದು ತೆಳು ಗೆರೆ ಕಂಡಿತು. ಬಾಲದ ತುದಿಯ ಆಕಾರ ಕಂಡಿತು. ಕೊಂಬೆಯಿಂದ ಕೊಂಬೆಗೆ ತೆವಳುವ ಹಾಗೆ ಹೋಗುವ ರೀತಿ ಕಂಡಿತು. ಅಷ್ಟನ್ನು ಬರೆದ.

ಆಮೇಲೆ ಕೆರೆಯ ಹಕ್ಕಿಗಳನ್ನೆಲ್ಲ ಹಾಗೆಯೇ ಬರೆದ. ಮಂಚದಿಂದ ಕಿಟಕಿಯ ಪೊದೆಗೆ ಎಷ್ಟು ದೂರವೋ ಅಷ್ಟು ದೂರದಿಂದ ಕಾಣುವುದು ಮಾತ್ರ. ಬಣ್ಣ ಹಚ್ಚುವಾಗ ಮಾತ್ರ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು ನೋಡಿಕೊಂಡ. ಒಂದನ್ನೊಂದು ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಕೂರಿಸಿದ. ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಒಂದು ಸಣ್ಣ ಗೆರೆ ಎಳೆದ. ಪುಸ್ತಕ ಅಂಗಿಯ ಜೇಬಿಗೆ ಹಿಡಿಸುವಷ್ಟೇ ದಪ್ಪವಿರಬೇಕು ಎಂದು ವರ್ತಕ ಹಟ ಹಿಡಿದ. ಎಷ್ಟು ನೋಡಿದರೂ ದೂರದಿಂದ ಬೇರೆ ಮಾಡಲಾಗದ ಹಕ್ಕಿಗಳು ಕೆಲವು ಉಳಿದವು. ಅವುಗಳ ಕೆಳಗೆ ವರ್ತಕ ತಾನೇ ಬರೆದ: ‘ಇವುಗಳ ಹೆಸರು ಸಿಗದಿದ್ದರೆ ಬಿಡಿ. ಹಕ್ಕಿ ಇರಲಿ.’

ಪುಸ್ತಕ ಅಚ್ಚಾಯಿತು. ಮೊದಲ ಪ್ರತಿಯನ್ನು ವರ್ತಕ ಬೇಟೆಗಾರನ ಕೈಗೆ ಕೊಟ್ಟ. ಬೇಟೆಗಾರನಿಗೆ ನಂಬಿಕೆಯಿಲ್ಲ. ಹೆಗಲಿಗೆ ಬಂದೂಕು ಹಾಕಿ, ಕೈಯಲ್ಲಿ ಪುಸ್ತಕ ಹಿಡಿದು ಕೆರೆಗೆ ಹೋದ. ಜೊಂಡಿನಿಂದ ಒಂದು ಹಕ್ಕಿ ಎದ್ದು ಮುಳ್ಳುಗಿಡದ ಮೇಲೆ ಕೂತಿತು. ಅವನ ಕೈ ರೂಢಿಯಂತೆ ಬಂದೂಕಿಗೆ ಹೋಯಿತು. ಅಲ್ಲೇ ನಿಂತಿತು. ಪುಸ್ತಕಕ್ಕೆ ಬಂತು.

ಆ ಸಂಜೆ ಅವನು ಏದುಸಿರು ಬಿಡುತ್ತ ಓಡಿಬಂದ. ‘ಧಣಿ, ಹಾರಿಹೋಯ್ತು! ಹಾರಿಹೋದರೂ ಹೆಸರು ಸಿಕ್ಕಿತು!’

ವರ್ತಕ ಮುಖ ಮುಚ್ಚಿಕೊಂಡು ಅತ್ತ. ಆ ವರ್ಷದ ಆಯುಧಪೂಜೆಯಲ್ಲಿ ಬೇಟೆಗಾರ, ತಾನು ಬಂದೂಕು ಇಡುತ್ತಿದ್ದ ಜಾಗದಲ್ಲಿ ಪುಸ್ತಕವನ್ನಿಟ್ಟ. ಅವತ್ತಿನಿಂದ ಬಂದೂಕು ಅಟ್ಟ ಸೇರಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಮಣೆಯ ಮೇಲಿಂದ ತಮ್ಮ ಪುಸ್ತಕವನ್ನು ಎತ್ತಿಕೊಂಡರು. “ಇವತ್ತು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ಪುಸ್ತಕಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು,” ಎಂದರು.

ಧರಣೇಂದ್ರ ಉಸಿರು ಬಿಟ್ಟ. ಬಿಗಿದಿದ್ದ ಮುಖ ಅರಳಿತು. ನಿಂತಿದ್ದ ಕಡ್ಲೆಪುರಿ ಬಾಯಿಗೆ ಹೋಯಿತು.

“ಈಗ ತಿಳಿಯಿತು ಮೇಷ್ಟ್ರೆ. ಬಂದೂಕನ್ನೇ ಅಟ್ಟಕ್ಕೆ ಹತ್ತಿಸಿದ ಪುಸ್ತಕ! ಇದಕ್ಕಿಂತ ದೊಡ್ಡ ಆಯುಧ ಇನ್ನು ಯಾವುದಿದೆ? ನಾಳೆಯಿಂದ ನನ್ನದನ್ನೂ ಹೀಗೇ ಹೂವಿಟ್ಟು ಪೂಜೆ ಮಾಡುತ್ತೇನೆ. ಅದಕ್ಕೇ ತಾನೆ ಇಲ್ಲಿಟ್ಟಿದ್ದು?”

ಮೇಷ್ಟ್ರು ಅಲ್ಲವೆಂದು ತಲೆಯಾಡಿಸಿದರು. ಪುಸ್ತಕವನ್ನು ಅಂಗೈ ಮೇಲಿಟ್ಟರು. ಅದು ತಾನಾಗಿ ಉಲಿಯಕ್ಕಿಗಳ ಪುಟಕ್ಕೆ ತೆರೆದುಕೊಂಡಿತು. ಸಣ್ಣ ಕಂದು ಹಕ್ಕಿಗಳು ಸಾಲಾಗಿ ಕೂತಿದ್ದವು. ಮೇಷ್ಟ್ರು ಆ ಪುಟವನ್ನು ಶಿಷ್ಯನ ಮುಖದ ಹತ್ತಿರ ಹಿಡಿದರು.

“ಚಿತ್ರಗಾರ ಬಣ್ಣ ನೋಡಿಕೊಂಡಿದ್ದು ಆ ಪೆಟ್ಟಿಗೆಗಳಲ್ಲಿ ಕಣಪ್ಪ, ಇದರೊಳಗಿರುವ ಒಂದೊಂದು ಹಕ್ಕಿಯೂ ಗುಂಡು ತಿಂದು ಬಂದು ಕೂತಿದೆ, ಇದನ್ನು ಸರಸ್ವತಿಯ ಮುಂದೆ ಯಾವ ಮುಖ ಇಟ್ಟುಕೊಂಡು ಇಡಲಿ?”