ನಗಾರಿಗೊಂದು ಹೆಸರು

ಲಾವೋಸಿನ ಗುಡ್ಡಗಳಲ್ಲಿ ಖಮು ಜನರ ಒಂದು ಹಳ್ಳಿ. ಅಲ್ಲಿ ಯಾರಾದರೂ ತೀರಿಕೊಂಡರೆ ಕಂಚಿನ ನಗಾರಿ ಬಾರಿಸಬೇಕು. ಆ ದನಿ ಹಿಡಿದೇ ಜೀವ ಹಿರಿಯರ ಊರಿಗೆ ದಾರಿ ಕಾಣುತ್ತದೆ.

ಮುದುಕಿ ಪೆಂಗಳ ಗಂಡ ಅಂದು ಬೆಳಿಗ್ಗೆ ತೀರಿಕೊಂಡಿದ್ದ. ಅವಳು ನಗಾರಿ ಹೊರತೆಗೆಯುವಷ್ಟರಲ್ಲಿ ಪಟ್ಟಣದ ಅಧಿಕಾರಿ ಬಾಗಿಲಿಗೆ ಬಂದ. ಹೊರೆ ಹೊರಲು ಹೆಂಡತಿಯ ತಮ್ಮನನ್ನೂ ಕರೆತಂದಿದ್ದ.

"ಈ ನಗಾರಿ ಇರಬೇಕಾದದ್ದು ನನ್ನ ಚಾವಡಿಯಲ್ಲಿ. ಕೊಟ್ಟುಬಿಡು," ಎಂದ.

ಇಲ್ಲವೆಂದರೆ ಕಸಿದುಕೊಂಡೇ ಹೋಗುವವನು. ಪೆಂಗ್ ಕಣ್ಣೊರೆಸಿಕೊಂಡಳು.

"ಧಾರಾಳವಾಗಿ ತಗೊಂಡು ಹೋಗಿ ಸಾಹೇಬ್ರೇ. ಹೊಸ್ತಿಲು ದಾಟಿಸುವಾಗ ಹೊಸ ಮನೆಯವರ ಒಂದು ಹೆಸರು ಹೇಳಿ ಪೆಟ್ಟು ಹೊಡೀಬೇಕು. ಅದು ನಮ್ಮ ಪದ್ಧತಿ. ಯಾರ ಹೆಸರು ಹೇಳಲಿ?"

"ನಮ್ಮಪ್ಪಂದು ಹೇಳು. ಸತ್ತು ಹತ್ತು ವರ್ಷ ಆಯ್ತು."

"ಹೋದವರಿಗೆ ಮತ್ತೆ ಹೊಡೆಯೋ ಹಾಗಿಲ್ಲ. ಇನ್ನು ಹೋಗಬೇಕಾದವರದ್ದು ಹೇಳಿ."

ಅಧಿಕಾರಿ ತಾಯಿಯನ್ನು ನೆನೆದ, ಮಕ್ಕಳನ್ನು ನೆನೆದ. ಕೊನೆಗೆ ಅತ್ತೆಯ ನೆನಪಾಗಿ ಮುಖ ಅರಳಿತು. ಬಾಯಿ ತೆರೆದವನು, ಪಕ್ಕದಲ್ಲಿ ನಿಂತಿದ್ದ ಭಾವಮೈದುನನ ಮುಖ ನೋಡಿ ಮುಚ್ಚಿಕೊಂಡ.

"ಎಲ್ಲಾ ಕಿಲುಬು ಹಿಡಿದಿದೆ, ಯಾರಿಗೆ ಬೇಕು ಇದು," ಎಂದು ಗೊಣಗುತ್ತಾ ಗುಡ್ಡ ಇಳಿದ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಪೆಂಗಳ ಸೊಸೆ ಮೆಲ್ಲಗೆ ಕೇಳಿದಳು. "ಅತ್ತೆ, ಇಂಥ ಪದ್ಧತಿ ನಮ್ಮಲ್ಲಿ ಯಾವಾಗಿನಿಂದ?"

"ಅವನು ಮೆಟ್ಟಿಲು ಹತ್ತಿದಾಗಿನಿಂದ," ಎಂದಳು ಪೆಂಗ್.

ನಗಾರಿಯನ್ನು ಹೊಸ್ತಿಲ ಹೊರಗಿಟ್ಟು ಕೋಲೆತ್ತಿದಳು. ತಾನೇ ಹುಟ್ಟಿಸಿದ ಪದ್ಧತಿ, ತಾನೇ ಮುರಿಯುವುದು ಹೇಗೆ? ಗಂಡನ ಹೆಸರು ಹೇಳಲು ಬಾಯಿ ತೆರೆದಳು. ಹೇಳಿ ಹೊಡೆದರೆ ಅವನು ಹೊರಟೇ ಹೋಗುತ್ತಾನೆ.

ಅಧಿಕಾರಿಯ ಹಾಗೆ ಅವಳಿಗೂ ಹೇಳಲಾಗಲಿಲ್ಲ.